ಮಾಳಿಗೆಯ ಮೇಲಿನ ರಂಜಕ

೧೧ ನವೆಂಬರ್ ೧೯೭೯, ಭಾನುವಾರ. ಕೊಪ್ಪಳ

ದೀಪ ಸುಟ್ಟುಹೋಯಿತು. ದೇವರ ಮುಂದಿನ ದೀಪವಲ್ಲ. ಧಾರವಾಡದಿಂದ ಬಸ್ಸಿನಲ್ಲಿ, ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ತಂದ ಪಾದರಸದ ದೀಪ. ನಿನ್ನೆ ಕಾಲೇಜಿನ ಪ್ರಯೋಗಾಲಯದಲ್ಲಿ ಸ್ವಿಚ್ ಒತ್ತಿದೆ. ಕರೆಂಟು ಒಮ್ಮೆ ಇಳಿಯಿತು, ಒಮ್ಮೆ ಏರಿತು, ಟಪ್ ಎಂದಿತು. ಐದು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದೇನೆಂದು ಊರೆಲ್ಲ ಎದೆಯುಬ್ಬಿಸಿ ತಿರುಗಿದ ರಸಾಯನಶಾಸ್ತ್ರದ ಲೆಕ್ಚರರ್ ದುರುಗಪ್ಪನವರ, ಅಂದರೆ ನನ್ನ, ಪಾಲಿಗೆ ಬಂದ ಬೆಳಕು ಅಷ್ಟೇ.

ನನ್ನ ಸಂಶೋಧನೆ ಏನೆಂದು ನನಗಾಗಿಯೇ ಒಮ್ಮೆ ಸರಳವಾಗಿ ಬರೆದುಕೊಳ್ಳುತ್ತೇನೆ, ಯಾಕೆಂದರೆ ಯಾರಾದರೂ ಕೇಳಿದರೆ ತೊದಲುತ್ತೇನೆ. ರಂಜಕ ಅಂದರೆ ಫಾಸ್ಫರಸ್. ನನ್ನ ದ್ರವದಲ್ಲಿ ರಂಜಕಕ್ಕೂ ಇಂಗಾಲಕ್ಕೂ ನಡುವೆ ಆಮ್ಲಜನಕ ದಲ್ಲಾಳಿಯ ಹಾಗೆ ಕೂತಿರುತ್ತದೆ. ತಕ್ಕ ಬೆಳಕು ಬಿದ್ದರೆ ದಲ್ಲಾಳಿ ಪಕ್ಕಕ್ಕೆ ಸರಿಯುತ್ತಾನೆ, ರಂಜಕವೂ ಇಂಗಾಲವೂ ನೇರವಾಗಿ ಕೈ ಹಿಡಿಯುತ್ತವೆ. ಒಲೆ ಬೇಡ, ಉರಿ ಬೇಡ, ಬೆಳಕೊಂದೇ ಸಾಕು. ಫೆಬ್ರವರಿ ಮುಗಿಯುವುದರೊಳಗೆ ಇದನ್ನು ಮಾಡಿ ತೋರಿಸದಿದ್ದರೆ ನೋಂದಣಿ ರದ್ದು ಎಂದು ಗೈಡ್ ಸಾಹೇಬರು ಹೇಳಿಬಿಟ್ಟಿದ್ದಾರೆ.

ನನ್ನ ಹೆಂಡತಿ ಹಂಪವ್ವನಿಗೆ ಈಗ ನಾಲ್ಕು ತಿಂಗಳು. ಇದು ಮೂರನೆಯ ಬಸಿರು. ಮೊದಲಿನ ಎರಡೂ ಆರು ತಿಂಗಳಿಗೇ ಹೋದವು. ಇದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ದೀಪದ ಬಗ್ಗೆ ಬರೆಯುತ್ತೇನೆ.

೧೮ ನವೆಂಬರ್, ಭಾನುವಾರ

ಧಾರವಾಡಕ್ಕೆ ಹೋಗಿ ಗೈಡ್ ಸಾಹೇಬರ ಮುಂದೆ ತಲೆ ತಗ್ಗಿಸಿ ನಿಂತು ಬಂದೆ. ಇನ್ನೊಂದು ದೀಪ ಇಲ್ಲವೆಂದರು. ಆಗ ನನ್ನ ಬಾಯಿಂದ, ನನಗೇ ಗೊತ್ತಿಲ್ಲದ ಹಾಗೆ, “ಸೂರ್ಯ ಅದಾನಲ್ರಿ ಸರ್” ಎಂದು ಬಂತು. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು.

“ಕೊಪ್ಪಳದಾಗ ಬ್ಯಾರೆ ಏನ್ ಐತ್ರಿ? ಆ ಬಿಸಲಾದ್ರೂ ಉಪಯೋಗಕ್ಕ ಬರ್ಲಿ. ಆದ್ರ ಸಾದಾ ಗಾಜಿನ್ಯಾಗ ಇಡಬ್ಯಾಡ್ರಿ. ನಮಗ ಬೇಕಾದ ಬೆಳಕನ್ನ ಅದು ಒಳಗ ಬಿಡಂಗಿಲ್ಲ.”

ಆರು ಕ್ವಾರ್ಟ್ಜ್ ಕೊಳವೆ ಕೊಟ್ಟರು. ಒಡೆದರೆ ಧಾರವಾಡದ ಕಡೆ ಮುಖ ಮಾಡಬೇಡಿ ಎಂದರು. ಕೊಳವೆಗಳನ್ನು ಪಂಚೆಯಲ್ಲಿ ಸುತ್ತಿ, ಗದಗಿನವರೆಗೆ ನಿಂತುಕೊಂಡೇ ಬಂದೆ. ಕೂತರೆ ನಿದ್ದೆ ಬರುತ್ತದೆ, ನಿದ್ದೆಯಲ್ಲಿ ನಾನು ಪಕ್ಕದವರ ಮೇಲೆ ಬೀಳುತ್ತೇನೆಂದು ಹಂಪವ್ವ ಹೇಳುತ್ತಾಳೆ.

ಕಾಲೇಜಿನ ಮೇಲೆ ಹತ್ತಲು ಮೆಟ್ಟಿಲಿಲ್ಲ. ಹಾಗಾಗಿ ಮನೆಯ ಮಾಳಿಗೆಯೇ ನನ್ನ ಹೊಸ ಪ್ರಯೋಗಾಲಯ. ನಾವು ಬಾಡಿಗೆಗಿರುವುದು ಅಬ್ದುಲಸಾಬರ ಮನೆಯ ಹಿಂಭಾಗದಲ್ಲಿ. ಮಣ್ಣಿನ ಮಾಳಿಗೆ ಇಬ್ಬರಿಗೂ ಒಂದೇ. ನಮ್ಮ ಒಳಕೋಣೆಗೆ ಕಿಟಕಿಯಿಲ್ಲ; ಮಾಳಿಗೆಯಲ್ಲಿ ಬಿಟ್ಟಿರುವ ಬೆಳಕಿಂಡಿಯಿಂದ ಎಷ್ಟು ಬಿಸಿಲು ಇಳಿಯುತ್ತದೋ ಅಷ್ಟೇ ಅದಕ್ಕೆ ಹಗಲು.

೨ ಡಿಸೆಂಬರ್, ಭಾನುವಾರ

ನನ್ನ ದ್ರವ ನಾರುತ್ತದೆ. ಕೊಳೆತ ಬೆಳ್ಳುಳ್ಳಿಯೂ ಸತ್ತ ಇಲಿಯೂ ಕೂಡಿ ಸಂಸಾರ ಹೂಡಿದ ಹಾಗೆ. ಕೊಳವೆಗೆ ತುಂಬಿ ಬಿರಡೆ ಬಿಗಿಯುವಾಗ ನಾಲ್ಕು ಹನಿ ಚೆಲ್ಲಿದರೂ ಓಣಿಯೆಲ್ಲ ಮೂಗು ಮುಚ್ಚುತ್ತದೆ.

ಇವತ್ತು ಬೆಳಿಗ್ಗೆ ಅಬ್ದುಲಸಾಬರು ಬಂದರು. ರಿಟೈರಾದ ಗಿರದಾವರರು, ಕಂದಾಯ ಇಲಾಖೆಯವರು; ಮಾತಿನಲ್ಲಿ ಇನ್ನೂ ಹೊಲ ಅಳೆಯುವ ಠೀವಿ. “ಮಾಸ್ತರ್, ಮಾಳಿಗಿ ಮ್ಯಾಲೆ ಏನೋ ಸತ್ತೈತಿ. ಬರ್ರಿ, ಇಬ್ಬರೂ ಕೂಡಿ ಹುಡುಕೂಣು.”

ಸತ್ತಿರುವುದು ನನ್ನ ಸಂಶೋಧನೆ ಎಂದು ಹೇಳುವ ಧೈರ್ಯ ಸಾಲಲಿಲ್ಲ. ಇಬ್ಬರೂ ಹುಡುಕಿದೆವು. ನಾನು ಅವರಿಗಿಂತ ಹೆಚ್ಚು ಶ್ರದ್ಧೆಯಿಂದ, ಕುಂಬಿಯ ಗಿಡ್ಡಗೋಡೆಯ ಹಿಂದೆಲ್ಲ ಕೈ ಹಾಕಿ ಹುಡುಕಿದೆ. ದೇವರು ದೊಡ್ಡವನು, ಒಣಗಿದ ಓತಿಕ್ಯಾತವೊಂದು ಸಿಕ್ಕಿತು. “ನೋಡ್ರಿ, ನನ್ನ ಮೂಗು ಸುಳ್ಳು ಹೇಳಂಗಿಲ್ಲ” ಎಂದು ಸಾಬರು ಅದನ್ನು ಕೋಲಿನಿಂದ ಎತ್ತಿಕೊಂಡು ಇಳಿದರು. ಮೂರು ದಿನದಲ್ಲಿ ವಾಸನೆ ಮತ್ತೆ ಏಳುತ್ತದೆ. ಆಗ ಓತಿಕ್ಯಾತ ಎಲ್ಲಿಂದ ತರಲಿ?

೧೬ ಡಿಸೆಂಬರ್, ಭಾನುವಾರ

ಇರಕಲ್ಲಗಡದಿಂದ ಅವ್ವ ಬಂದಿದ್ದಾಳೆ. ಹೆರಿಗೆಗೆ ಹಂಪವ್ವ ತನ್ನ ತವರು ಕನಕಗಿರಿಗೆ ಹೋಗಬೇಕಿತ್ತು. ಹಿಂದಿನ ಎರಡು ಸಲದ ಕಥೆ ಕೇಳಿ ಡಾಕ್ಟರಮ್ಮ ಬಸ್ಸೇ ಹತ್ತಬಾರದೆಂದರು. ಹಾಗಾಗಿ ಅವ್ವ ಮುದಕಮ್ಮನವರ ಸವಾರಿ ಇಲ್ಲಿಗೆ.

ಹೊಸಿಲು ದಾಟುತ್ತಲೇ ಮೂಗು ಮುರಿದಳು. ನನ್ನ ಅಂಗಿ ಹಿಡಿದು ಮೂಸಿದಳು.

“ಈ ನಾತ ಹೊತ್ಕೊಂಡು ಬಸರಿ ಹೆಂಗಸಿನ ಬಾಜೂಕ ಕುಂದರ್ತಿಯಲ್ಲ, ಬುದ್ಧಿ ಐತೇನ ನಿನಗ? ಮೈ ತೊಳಕೊಂಡು ಅರಬಿ ಬದಲಿ ಮಾಡಿ ಒಳಗ ಬಾ.”

ಮಡಿ, ಮೈಲಿಗೆ ಇವೆಲ್ಲ ಅಜ್ಞಾನ ಎಂದು ಅವ್ವನಿಗೆ ಒಂದು ಭಾಷಣ ಕೊಟ್ಟೆ. ಚೆನ್ನಾಗಿತ್ತು. ಕ್ಲಾಸಿನಲ್ಲಿ ಇಷ್ಟು ಚೆನ್ನಾಗಿ ಬರುವುದಿಲ್ಲ. ಅವ್ವ ಜೋಳದ ರೊಟ್ಟಿ ತಟ್ಟುತ್ತ ಪೂರ್ತಿ ಕೇಳಿ, “ಆತು, ಈಗ ಮೈ ತೊಳಕೋ” ಎಂದಳು. ತೊಳೆದುಕೊಳ್ಳಲಿಲ್ಲ.

೨೦ ಡಿಸೆಂಬರ್, ಗುರುವಾರ

ಗಂಗಾವತಿಯ ಗದ್ದೆಯಲ್ಲಿ ಚಿಕ್ಕಪ್ಪನ ಮಗ ಗೋಣೆಪ್ಪ ಭತ್ತಕ್ಕೆ ಕೀಟನಾಶಕದ ಎಣ್ಣೆ ಹೊಡೆಯುತ್ತ ಬಿದ್ದದ್ದು ನೆನಪಾಯಿತು. ಬಾಯಲ್ಲಿ ನೊರೆ ಬಂದಿತ್ತು. ಬದುಕಿಕೊಂಡ. ಆ ಎಣ್ಣೆಯೂ ರಂಜಕದ ಮನೆತನದ್ದೇ. ನನ್ನ ದ್ರವ ಅದರ ಬಡ ದಾಯಾದಿ, ಅಂಥ ತಾಕತ್ತು ಇದಕ್ಕಿಲ್ಲ. ಪುಸ್ತಕಗಳಲ್ಲಿಯೂ ಇಲ್ಲವೆಂದೇ ಇದೆ. ಒಂದು ಪುಸ್ತಕದಲ್ಲಿ ಮಾತ್ರ ಈ ವಿಷಯ ಪರೀಕ್ಷಿಸಿಲ್ಲ ಎಂದಿದೆ.

ಸಂಜೆ ಕೊಳವೆ ಇಳಿಸಿ ಮೈ ತೊಳೆದುಕೊಂಡು ಅಂಗಿ ಬದಲಿಸಿ ಒಳಗೆ ಹೋದೆ. ಮೈ ಬೆವರಿತ್ತು, ಅದಕ್ಕೆ. ಅಂಗಿಯನ್ನು ಹೊರಗಿನ ಗೂಟಕ್ಕೆ ತೂಗುಹಾಕಿದೆ. ನಾಳೆಯಿಂದ ಅದೇ ಅಂಗಿ ಮಾಳಿಗೆಗೆ.

೨ ಜನವರಿ ೧೯೮೦, ಬುಧವಾರ

ಚುನಾವಣೆ ಡ್ಯೂಟಿ ಬಂದಿದೆ. ಹನುಮಸಾಗರದ ಆಚೆಯ ಹಳ್ಳಿ. ನಾಲ್ಕು ದಿನ ನಾನಿರುವುದಿಲ್ಲ. ಕೊಳವೆಗಳನ್ನು ಬೆಳಿಗ್ಗೆ ಬಿಸಿಲಿಗಿಟ್ಟು ಸಂಜೆ ಒಳಗಿಡುವವರು ಯಾರು? ಹಂಪವ್ವ ಮೆಟ್ಟಿಲು ಹತ್ತಕೂಡದು. ಉಳಿದದ್ದು ಅವ್ವ.

“ಏನ್ ಅದು?” ಎಂದಳು ಅವ್ವ.

ರಂಜಕ, ಇಂಗಾಲ, ದಲ್ಲಾಳಿ ಎಂದೆಲ್ಲ ಶುರು ಮಾಡಿದೆ. ಅವ್ವನ ಕಣ್ಣು ಮಂಪರಾಗುವುದು ಕಂಡು ಚುಟುಕಾಗಿ ಹೇಳಿದೆ. “ಉಪ್ಪಿನಕಾಯಿ ಅಂತ ತಿಳ್ಕೋ ಯವ್ವಾ. ಬಿಸಿಲಿಗಿಡಬೇಕು. ಬಿರಡಿ ತಗೀಬಾರ್ದು. ಒದ್ದಿ ಕೈ ಹಚ್ಚಬಾರ್ದು. ತಿನ್ನಾಕ ಮಾತ್ರ ಬರಂಗಿಲ್ಲ.”

“ಮದ್ಲ ಹಿಂಗ ಹೇಳಬಾರದಾ? ಉಪ್ಪಿನಕಾಯಿ ಕಾಯೂದು ನನಗ ಗೊತ್ತಿಲ್ಲೇನು?”

ಸಂಕೀರ್ಣ ವಿಷಯವನ್ನು ಸಾಮಾನ್ಯರಿಗೆ ತಿಳಿಯುವಂತೆ ಹೇಳುವ ಕಲೆ ನನಗಿದೆ ಎಂದು ಇವತ್ತು ಗೊತ್ತಾಯಿತು. ಹನುಮಸಾಗರಕ್ಕೆ ಬರುವ ಬಸ್ಸಿನಲ್ಲಿ ಬಹಳ ಹೊತ್ತು ಹೆಮ್ಮೆಪಟ್ಟುಕೊಂಡೆ.

೭ ಜನವರಿ, ಸೋಮವಾರ

ಮರಳಿ ಬಂದೆ. ಕೊಳವೆಗಳು ಆರೂ ಕ್ಷೇಮ. ಅವ್ವ ಮಾಳಿಗೆಗೆ ಕಾನೂನು ಹೊರಡಿಸಿದ್ದಾಳೆ: ಮುಟ್ಟಾದವರು ಹತ್ತಬಾರದು, ಚಪ್ಪಲಿ ಹಾಕಿಕೊಂಡು ಹತ್ತಬಾರದು. ಅಬ್ದುಲಸಾಬರೂ ಬರಿಗಾಲಲ್ಲಿ ಹತ್ತುತ್ತಿದ್ದಾರಂತೆ. “ನಿಮ್ಮ ತಾಯಿಯವರು ಹಿಂದಿನ ಜನ್ಮದಾಗ ತಹಶೀಲ್ದಾರ್ ಇದ್ರು, ಮಾಸ್ತರ್” ಎಂದರು.

ಒಂದು ಕೊಳವೆಯಿಂದ ಹನಿ ತೆಗೆದು ಕಾಲೇಜಿನಲ್ಲಿ ಪರೀಕ್ಷಿಸಿದೆ. ಪರೀಕ್ಷೆಯ ಗಾಜಿನ ತಟ್ಟೆಯ ಮೇಲೆ ಹಳೆಯ ದ್ರವದ ಚುಕ್ಕೆಯ ಕೆಳಗೆ ಹೊಸ ವಸ್ತುವಿನದೊಂದು ಚುಕ್ಕೆ! ತೀರಾ ಮಸುಕು. ಆದರೂ ಚುಕ್ಕೆ. ದಲ್ಲಾಳಿ ಸರಿದಿದ್ದಾನೆ. ಪ್ರಯೋಗಾಲಯದಲ್ಲಿ ಒಬ್ಬನೇ ಕುಣಿದೆ. ಮನೆಗೆ ಬಂದು ಹಂಪವ್ವನಿಗೆ ಹೇಳಿದೆ. “ಛಲೋ ಆತ್ರಿ” ಎಂದು, ನನ್ನ ಕೈ ತೆಗೆದುಕೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಮೈ ತೊಳೆದಿಲ್ಲವೆಂದು ನೆನಪಾಗಿ ಕೈ ಎಳೆದುಕೊಂಡೆ. ಆಕೆಯ ಮುಖ ಸಣ್ಣದಾಯಿತು. ಕಾರಣ ಹೇಳಬೇಕಿತ್ತು. ಹೇಳಲಿಲ್ಲ.

೧೯ ಜನವರಿ, ಶನಿವಾರ

ಬಿಸಿಲು ಚೆನ್ನಾಗಿತ್ತು.

ಮಧ್ಯಾಹ್ನ ಹಂಪವ್ವ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ಇದು ಆರನೆಯ ತಿಂಗಳು. ಟಾಂಗಾದಲ್ಲಿ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ನೋಡಿ ಏನೂ ಆಗಿಲ್ಲ, ಮಲಗಿಸಿ ಎಂದರು. ಕೊಳವೆಗಳನ್ನು ಒಳಗೆ ತರಲು ಮರೆತಿದ್ದೆ. ಅವ್ವ ತಂದಿಟ್ಟಿದ್ದಳು.

ನನಗೆ ಬಹಳ ಹೆದರಿಕೆಯಾಗಿದೆ.

೧೦ ಫೆಬ್ರವರಿ, ಭಾನುವಾರ

ನಿನ್ನೆ ಧಾರವಾಡ. ಗೈಡ್ ಸಾಹೇಬರು ನನ್ನ ಮಸುಕು ಚುಕ್ಕೆಯನ್ನು ದೀಪದ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. “ಇಷ್ಟರಿಂದ ಕಮಿಟಿ ಒಪ್ಪಂಗಿಲ್ಲ, ದುರುಗಪ್ಪ” ಎಂದರು. ಆಮೇಲೆ ಒಮ್ಮೆಗೇ ಕುರ್ಚಿಯಲ್ಲಿ ನೆಟ್ಟಗಾದರು.

“ಹದಿನಾರಕ್ಕ ಸೂರ್ಯಗ್ರಹಣ! ನಿಮ್ಮೂರ ಮ್ಯಾಲೇ ಖಗ್ರಾಸ. ಹುಬ್ಬಳ್ಳಿ, ರಾಯಚೂರಿಗೆ ಪರದೇಶದವರು ದುರ್ಬೀನು ತಗೊಂಡು ಬಂದು ಕುಂತಾರ. ನೀವು ಗ್ರಹಣದ ಉದ್ದಕ್ಕೂ ಹನಿ ತಗೀರಿ. ಬೆಳಕು ಇಳಿದ್ಹಂಗ ಕ್ರಿಯೆ ಇಳೀತದೋ ಇಲ್ಲೋ ನೋಡೂಣು. ಇಳಿದ್ರ, ಇದು ಬೆಳಕಿನ ಕೆಲಸಾನ, ಬಿಸಿಯ ಕೆಲಸಲ್ಲ ಅನ್ನೂದಕ್ಕ ಬ್ಯಾರೆ ಸಾಕ್ಷಿ ಬ್ಯಾಡ. ನಿಮ್ಮ ನೋಂದಣಿ ಉಳೀತದ.”

ರಾಯಚೂರಿಗೆ ದುರ್ಬೀನು, ಕೊಪ್ಪಳಕ್ಕೆ ನಾನು ಮತ್ತು ನಾರುವ ಆರು ಕೊಳವೆ. ಉಳಿದಿರುವ ದ್ರವವನ್ನೆಲ್ಲ ಆ ದಿನಕ್ಕೇ ಮೀಸಲಿಟ್ಟೆ. ಕೈತಪ್ಪಿದರೆ ಇನ್ನೊಮ್ಮೆ ಮಾಡಲು ಹನಿಯೂ ಇಲ್ಲ.

ಮನೆಯಲ್ಲಿ ಹೇಳಿದೆ. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ಬಸರಿ ಹೆಂಡ್ತಿ ಇದ್ದಾಂವ ಗ್ರಾಣದಾಗ ಹೊರಗ ನಿಂದರತಾನಂತ! ಊರಾಗ ಯಾರಾದ್ರೂ ಮಾಡ್ಯಾರೇನು?” ಭೂಮಿ, ಚಂದ್ರ, ಸೂರ್ಯನಿಗೆ ಒಂದು ಈರುಳ್ಳಿ, ಒಂದು ನಿಂಬೆಹಣ್ಣು, ಒಂದು ಲಾಟೀನು ಇಟ್ಟು ಗ್ರಹಣವನ್ನು ವಿವರಿಸಿದೆ. ಅವ್ವ ಈರುಳ್ಳಿಯನ್ನು ಎತ್ತಿಕೊಂಡು ಹೋಗಿ ಸಾರಿಗೆ ಹಾಕಿದಳು.

ದೀಪ ಆರಿಸಿದ ಮೇಲೆ ಹಂಪವ್ವ ಕೇಳಿದಳು, “ಏನೂ ಆಗಂಗಿಲ್ಲಲ್ರಿ?” ಏನೂ ಆಗುವುದಿಲ್ಲ, ಅದು ಬರೀ ನೆರಳು ಎಂದೆ. ಮೊದಲಿನ ಎರಡು ಸಲವೂ ನಾನು ಏನೂ ಆಗುವುದಿಲ್ಲ ಎಂದೇ ಹೇಳಿದ್ದೆ.

೧೬ ಫೆಬ್ರವರಿ, ಶನಿವಾರ. ಅಮಾವಾಸ್ಯೆ

ಆದದ್ದನ್ನು ಆದ ಹಾಗೆ ಬರೆಯಬೇಕು. ವಿಜ್ಞಾನಿ ಎಂದು ಹೇಳಿಕೊಳ್ಳುವವನ ಕೆಲಸ ಅದು.

ಮಧ್ಯಾಹ್ನದ ಹೊತ್ತಿಗೆ ಊರು ಬಾಗಿಲು ಹಾಕಿಕೊಂಡಿತ್ತು. ಬಸ್ಸಿಲ್ಲ, ಜನವಿಲ್ಲ, ಜವಾಹರ ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ಅವ್ವ ನೀರಿನ ಕೊಡಕ್ಕೆ, ಹಾಲಿಗೆ, ಮಜ್ಜಿಗೆಗೆ, ಮಾವಿನ ಉಪ್ಪಿನಕಾಯಿಯ ಭರಣಿಗೆ ಒಂದೊಂದು ಎಳೆ ಗರಿಕೆ ಹಾಕಿದಳು. ಅವಳ ಬಾಯಲ್ಲಿ ಅದು ಕರಿಕಿ. ಗ್ರಹಣದ ವಿಷ ಅದನ್ನು ದಾಟಿ ಇಳಿಯುವುದಿಲ್ಲವಂತೆ. ಒಳಕೋಣೆಯ ಬೆಳಕಿಂಡಿಗೆ ಗೋಣಿತಟ್ಟು ಹೊದಿಸಿದಳು. ಹಂಪವ್ವನನ್ನು ಚಾಪೆಯ ಮೇಲೆ ನೆಟ್ಟಗೆ ಮಲಗಿಸಿ, ಕೈಕಾಲು ಮಡಚಬಾರದು, ಚಿವುಟಬಾರದು, ತುರಿಸಿಕೊಳ್ಳಲೂಬಾರದು ಎಂದಳು. ತಾನು ಪಡಸಾಲೆಯ ಮೂಲೆಯಲ್ಲಿ ತಲೆತುಂಬ ಸೆರಗು ಹೊದ್ದು ಕೂತಳು. ಸಾಬರ ಮನೆಯಲ್ಲಿ ನಮಾಜು ನಡೆದಿತ್ತು.

ನಾನೊಬ್ಬ ಮಾಳಿಗೆ ಹತ್ತಿದೆ. ಹಳೆಯ ಎಕ್ಸ್‌ರೇ ಹಾಳೆ ಹಿಡಿದು ನೋಡಿದರೆ ಸೂರ್ಯನ ಅಂಚು ಯಾರೋ ಕಚ್ಚಿದ ಹಾಗೆ ಕಂಡಿತು. ಮೊದಲ ಹನಿ ತೆಗೆದೆ, ಎರಡನೆಯದು ತೆಗೆದೆ, ಮೂರನೆಯದು. ಬಿಸಿಲು ತೆಳ್ಳಗಾಗುತ್ತಾ ಬಂತು; ನನ್ನ ಕೈಯ ಬಣ್ಣವೇ ಬೇರೆಯಾಗಿತ್ತು. ಪೂರ್ತಿ ಕತ್ತಲಾದಾಗ ಹನಿ ತೆಗೆಯಲು ಬ್ಯಾಟರಿ ಬೇಕಲ್ಲ! ಹಗಲಲ್ಲೇ ಕತ್ತಲಾಗುತ್ತದೆಂದು ವಾರದಿಂದ ರೇಡಿಯೋದಲ್ಲಿ ಹೇಳುತ್ತಿದ್ದರೂ ಬ್ಯಾಟರಿ ಮರೆತ ಸಂಶೋಧಕ ನಾನೊಬ್ಬನೇ ಇರಬೇಕು. ತರಲು ಕೆಳಗೆ ಓಡಿದೆ.

ಬ್ಯಾಟರಿ ಒಳಕೋಣೆಯ ಗೂಡಿನಲ್ಲಿತ್ತು. ಒಳಗೆ ಹೋದವನು ನಿಂತೆ. ಗೋಣಿತಟ್ಟಿನ ತೂತುಗಳಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ಬಿದ್ದಿತ್ತು. ಒಂದು ಚುಕ್ಕಿಯೂ ಗುಂಡಗಿರಲಿಲ್ಲ. ಎಲ್ಲವೂ ಕುಡಗೋಲಿನ ಆಕಾರ. ನೆಲದ ಮೇಲೆ, ಗೋಡೆಯ ಮೇಲೆ, ಹಂಪವ್ವನ ಸೀರೆಯ ಮೇಲೆ, ಹೊಟ್ಟೆಯ ಮೇಲೆ, ನೂರಾರು ಸಣ್ಣ ಕುಡಗೋಲು. ಸಣ್ಣ ತೂತು ಸೂರ್ಯನ ಬಿಂಬವನ್ನೇ ಇಳಿಸುತ್ತದೆ. ಪಿಯುಸಿ ಹುಡುಗರಿಗೆ ಪ್ರತಿ ವರ್ಷ ಹೇಳುವ ಪಾಠ.

“ಇವು ಏನ್ರಿ?” ಎಂದಳು ಹಂಪವ್ವ. ಕೈಕಾಲು ಅಲುಗಿಸದೆ, ಕಣ್ಣಷ್ಟೇ ಹೊರಳಿಸಿ. “ಅತ್ತಿಯವರಿಗೆ ಹೇಳಬ್ಯಾಡ್ರಿ. ನನ್ನ ಮ್ಯಾಲೆ ಬಿದ್ದಾವು. ನಾ ಏನ್ ಮಾಡ್ಲಿ?”

ಅವಳ ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಮಡಚಬಾರದಲ್ಲ.

ಬಿಂಬ ಕಣೇ, ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎನ್ನಲು ಬಾಯಿ ತೆರೆದೆ. ಅವಳಿಗೂ ಬೆಳಕಿಂಡಿಗೂ ನಡುವೆ ಮಂಡಿಯೂರಿ, ಬೆನ್ನು ಮೇಲಕ್ಕೆ ಮಾಡಿ ಕೂತೆ. ಕುಡಗೋಲುಗಳೆಲ್ಲ ನನ್ನ ಬೆನ್ನಿನ ಮೇಲೆ ಬಿದ್ದವು. ಅವಳ ಸೆರಗಿನಿಂದಲೇ ಅವಳ ಕಣ್ಣು ಒರೆಸಿದೆ. “ಕೂಸು ಒದಿಯಾಕತ್ತೈತ್ರಿ” ಎಂದಳು. ಕೈ ತೊಳೆದಿದ್ದೆನೋ ಇಲ್ಲವೋ ಎಂದು ಯೋಚಿಸಿ, ಮೊಣಕೈಯನ್ನು ಇಟ್ಟು ನೋಡಿದೆ. ಒದೆಯುತ್ತಿತ್ತು. ಪೂರ್ತಿ ಕತ್ತಲಾಯಿತು. ಎಲ್ಲೋ ಕೋಳಿ ಕೂಗಿತು. ನಾನು ಏಳಲಿಲ್ಲ. ಮತ್ತೆ ಬೆಳಕಾದಾಗಲೂ ಏಳಲಿಲ್ಲ.

ಜನ್ಮಕ್ಕೊಮ್ಮೆ ನೋಡಲು ಸಿಗುವ ಖಗ್ರಾಸ ನನ್ನ ತಲೆಯ ಮೇಲೇ ಆಗಿ ಹೋಯಿತು. ನಾನು ನೋಡಿದ್ದು ಚಾಪೆಯ ಅಂಚು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಹೊರಗೆ ಬಂದರೆ ಅವ್ವ ಮಾಳಿಗೆಯಿಂದ ಇಳಿಯುತ್ತಿದ್ದಾಳೆ. ಸೆರಗು ಬಿಗಿದು ಕಟ್ಟಿದ್ದಾಳೆ. ಗ್ರಹಣದಲ್ಲಿ ಹೊಸಿಲು ದಾಟದ ನನ್ನ ಅವ್ವ.

“ಎಲ್ಲಿ ಹೋಗಿದ್ದಿ ಯವ್ವಾ?”

“ನೀ ಒಳಗ ಕುಂತಿ. ಆ ನಿನ್ನ ಉಪ್ಪಿನಕಾಯಿಗೆ ಯಾರು ದಿಕ್ಕು? ಮನ್ಯಾಗಿನ ಎಲ್ಲಾದಕ್ಕೂ ಕರಿಕಿ ಹಾಕಿದ್ದೆ, ಅದೊಂದಕ್ಕ ಹಾಕಿರಲಿಲ್ಲ. ಆರಕ್ಕೂ ಬಿರಡಿ ತಗದು ಒಂದೊಂದ ಎಳಿ ಹಾಕಿ ಬಂದೆ. ಒದ್ದಿ ಕೈ ಹಚ್ಚಿಲ್ಲ ಮತ್ತ.”

ಗಾಳಿ ತಗಲಿದರೆ ಕೆಡುವ ದ್ರವ. ಹಸಿ ಹುಲ್ಲು. ಆರೂ ಕೊಳವೆ. ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ. ಉಪ್ಪಿನಕಾಯಿ ಎಂದು ಹೇಳಿಕೊಟ್ಟ ಗುರು ನಾನೇ.

“ಅಂಜಿಕಿ ಆಗಲಿಲ್ಲೇನು?”

“ಆತು. ಹೊತ್ತು ಸತ್ತಂಗ ಆತು ಯಪ್ಪಾ. ಕರೀ ಹಂಚಿನ ಸುತ್ತ ಬೆಳ್ಳಿ ಬಳಿ ಇಟ್ಟಂಗಿತ್ತು. ಹಗಲಾಗ ಚುಕ್ಕಿ ಕಂಡ್ವು. ಗುಬ್ಬಿ ಸೈತ ಸುಮ್ಮನಾದ್ವು. ನಿನ್ನ ಕೆಲಸ ಕೆಡಬಾರದಂತ ಕಣ್ಣು ಬಿಟ್ಕೊಂಡ ಹಾಕೀನಿ.”

೧೭ ಫೆಬ್ರವರಿ, ಭಾನುವಾರ

ಆರೂ ಕೊಳವೆಯಲ್ಲಿ ಬಿಳಿ ಗಸಿ ಕೂತಿದೆ. ನಡುವೆ ಒಂದೊಂದು ಹಸಿರು ಎಳೆ.

ಗೈಡ್ ಸಾಹೇಬರಿಗೆ ಕೊಡಲು ತಃಖ್ತೆ ತುಂಬಿದೆ. ಮೊದಲ ಮೂರು ಹನಿಯ ಲೆಕ್ಕ ಇದೆ. ಪೂರ್ಣಗ್ರಹಣದ ಸಾಲಿನಲ್ಲಿ ‘ವೀಕ್ಷಕ ಸ್ಥಳದಲ್ಲಿರಲಿಲ್ಲ’ ಎಂದು ಬರೆದೆ. ಅದು ಸುಳ್ಳಾಗುತ್ತದೆ ಎನ್ನಿಸಿತು. ಹೊಡೆದುಹಾಕಿ ‘ವೀಕ್ಷಕರು: ಮುದಕಮ್ಮ, ಇರಕಲ್ಲಗಡ. ಕರಿ ಹಂಚಿನ ಸುತ್ತ ಬೆಳ್ಳಿ ಬಳೆ’ ಎಂದು ಬರೆದೆ.

೧ ಮಾರ್ಚ್, ಶನಿವಾರ

ಸಾಹೇಬರು ತಃಖ್ತೆ ಓದಿದರು. “ಮುದಕಮ್ಮ ಯಾರ್ರಿ?” ಎಂದರು. “ನಮ್ಮವ್ವ ರೀ” ಎಂದೆ. ಎಲ್ಲವನ್ನೂ ಹೇಳಿದೆ. ಅವರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ನೋಂದಣಿ ರದ್ದಿಗೆ ಸಹಿ ಮಾಡಿದರು. ಬೇಕಾದರೆ ಮತ್ತೆ ಅರ್ಜಿ ಹಾಕಿ, ಮೊದಲಿನಿಂದ ಶುರು ಮಾಡಬೇಕಾಗುತ್ತದೆ ಎಂದರು.

ಕೂಸು ಬರುವವರೆಗೆ ಮನೆಯಲ್ಲಿ ರಂಜಕ ಬೇಡ ಎಂದು ನಾನೇ ಕೊಳವೆಗಳನ್ನು ತೊಳೆದು ವಾಪಸು ಕೊಟ್ಟೆ. ಬಿಸಿಲು ಎಲ್ಲಿಗೆ ಹೋಗುತ್ತದೆ? ಬರುವ ವರ್ಷವೂ ಕೊಪ್ಪಳದಲ್ಲೇ ಇರುತ್ತದೆ. ಬಸ್ಸಿನಲ್ಲಿ ಕೂತೇ ಬಂದೆ, ಪಕ್ಕದವರ ಮೇಲೆ ಬಿದ್ದು ನಿದ್ದೆ ಮಾಡಿದೆ.

೯ ಏಪ್ರಿಲ್, ಬುಧವಾರ. ಆಸ್ಪತ್ರೆ

ಊರಲ್ಲಿ ಎಮ್ಮೆ ಈಯುವ ಹೊತ್ತಾಯಿತೆಂದು ಅವ್ವ ಮೊನ್ನೆ ಇರಕಲ್ಲಗಡಕ್ಕೆ ಹೋದಳು. ಎರಡು ದಿನದಲ್ಲಿ ಬಂದೆ ಎಂದಿದ್ದಳು. ಇವತ್ತು ಬೆಳಗಿನ ಜಾವ ಹಂಪವ್ವನಿಗೆ ನೋವು ಬಂತು. ಅಬ್ದುಲಸಾಬರು ಟಾಂಗಾ ಎಬ್ಬಿಸಿಕೊಂಡು ಬಂದರು. ನಾನು ಅಂಗಿಯನ್ನು ತಿರುವಿ ಹಾಕಿಕೊಂಡಿದ್ದೇನೆಂದು ದಾರಿಯಲ್ಲಿ ಅವರೇ ಹೇಳಿದರು.

ಮಧ್ಯಾಹ್ನ ಹೆಣ್ಣುಕೂಸು. ಅತ್ತಿತು. ಅದು ಅಳುವುದನ್ನು ಕೇಳುತ್ತ ವರಾಂಡದಲ್ಲಿ ನಾನೂ ಅತ್ತೆ. ಸಾಬರು ನೋಡದ ಹಾಗೆ ಮಾಡಿದರು.

ಒಳಗೆ ಬಿಟ್ಟಾಗ ಎರಡು ಸಲ ಕೈ ತೊಳೆದು ಎತ್ತಿಕೊಂಡೆ. ನರ್ಸಮ್ಮ ಹಾಸಿಗೆ ಬದಲಿಸುತ್ತಿದ್ದಳು. ದಿಂಬು ಎತ್ತಿದವಳು ಗದರಿದಳು. “ಯಾರ್ರಿ ಇಲ್ಲಿ ಹುಲ್ಲು ಇಟ್ಟೋರು? ಇದೇನ್ ದನದ ಕೊಟ್ಟಿಗೇನು?”

“ನಮ್ಮವ್ವ ಇಟ್ಟಿರಬೇಕ್ರಿ” ಎಂದೆ. “ಹಳೇ ಮಂದಿ. ಎಷ್ಟು ಹೇಳಿದ್ರೂ ಕೇಳಂಗಿಲ್ಲ.”

ಹಂಪವ್ವ ಕಣ್ಣು ತೆರೆದು ನನ್ನನ್ನೇ ನೋಡಿದಳು. “ಅತ್ತಿ ಊರಾಗ ಅದಾರಲ್ರಿ” ಎಂದಳು, ಮೆಲ್ಲಗೆ.

ನರ್ಸಮ್ಮ ಹುಲ್ಲನ್ನು ಕಿಟಕಿಯಿಂದಾಚೆ ಎಸೆದು ಹೋದಳು. ಹಂಪವ್ವ ನಗುತ್ತಿದ್ದಳು, ನೋವಾಗುತ್ತದೆಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೂಸನ್ನು ಅವಳ ಪಕ್ಕದಲ್ಲಿ ಮಲಗಿಸಿ ಹೊರಗೆ ಹೋದೆ. ಆಸ್ಪತ್ರೆಯ ನಳದ ಬುಡದಲ್ಲಿ ಗರಿಕೆ ಇನ್ನೂ ಇತ್ತು. ಒಂದು ಎಳೆ ಕಿತ್ತು, ತೊಳೆದು, ತಂದಿಟ್ಟೆ.